ಮೆಟ್ಟಿಲಿನಿಂದ ಬಿದ್ದವಳು

2025 ಜುಲೈ 12, ಶನಿವಾರ
ನೀರ್ಚಾಲು

ಮಳೆ ಬಿಟ್ಟಿಲ್ಲ. ತೋಟಕ್ಕೆ ಎರಡನೇ ಮದ್ದು ಬಿಡಬೇಕಿತ್ತು, ಆಗಿಲ್ಲ. ಅದನ್ನು ಬರೆಯಹೊರಟರೆ ಈ ಪುಟವೂ ಇವರ ಮುಖದ ಹಾಗೆ ಆದೀತು, ಬಿಡಿ.

ಬರೆಯಲು ಕೂತದ್ದು ಅತ್ತೆಯ ಒಂದು ಮಾತಿಗೆ. ಊಟಕ್ಕೆ ಮೊದಲು ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ಸೊಸೆ ಸೆರಗು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಅತ್ತೆ ಥಟ್ಟನೆ, "ಈ ಮೆಟ್ಟಿಲಿನಿಂದಲೇ ಅಲ್ವಾ ಅವಳು ಬಿದ್ದು ಸತ್ತದ್ದು?" ಎಂದರು.

ಯಾರೂ ಸತ್ತಿಲ್ಲ. ಇದನ್ನು ನಾನೂ ಮೊದಲಿನಿಂದ ನೋಡುತ್ತಿದ್ದೇನೆ.

"ಯಾರು ಅತ್ತೆ?"

"ಅವಳೇ, ಆ ಬಸುರಿ."

ಇದರಲ್ಲಿ ಬಸುರಿಯೇ ಇಲ್ಲ. ನನಗೆ ಎದೆ ಧಸಕ್ ಎಂದಿತು. ಅತ್ತೆಗೆ ಎಪ್ಪತ್ತೊಂಬತ್ತು. ಹೋದ ವಾರ ಒಂದೇ ರಾತ್ರಿ ಎರಡು ಪಾತ್ರೆಗೆ ಹೆಪ್ಪು ಹಾಕಿದ್ದರು. ಮನೆಯಲ್ಲಿ ಯಾರೂ ಆ ವಿಷಯ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ನಾದಿನಿಯ ಮಗ ಮಂಗಳೂರಿನಿಂದ ಬಂದಿದ್ದ. ಅವನು ಫೋನಿನಿಂದ ತಲೆ ಎತ್ತಿ, "ಅಜ್ಜಿ ಹೇಳಿದ್ದು ಸರಿ ಇರಬಹುದು ಅತ್ತೆ. ಅದು ಬೇರೆ ಧಾರಾವಾಹಿ, ಮನೆ ಅದೇ. ಶೂಟಿಂಗಿಗೆ ಅಂತಲೇ ಬಾಡಿಗೆಗೆ ಕೊಡುವ ಮನೆಗಳು ಇರ್ತವೆ" ಎಂದ.

ಅತ್ತೆ ನನ್ನ ಕಡೆ ನೋಡಿದ ಆ ನೋಟ! ನನ್ನ ಹೆದರಿಕೆ ಅವರಿಗೆ ತಿಳಿದುಹೋಗಿತ್ತು ಅನಿಸುತ್ತದೆ.

ಹಿಂದೆಯೂ ಹೀಗೆ ಆಗಿತ್ತಲ್ಲ. 2018ರಲ್ಲಿ ಸ್ಟಾರ್ ಸುವರ್ಣದಲ್ಲಿ 'ಮುದ್ದುಲಕ್ಷ್ಮಿ' ಶುರುವಾದಾಗ ಮೊದಲ ವಾರವೇ, "ಈ ಡಾಕ್ಟರ್ ಹೆಂಡತಿ ಮೇಲೆ ಸಂಶಯ ಪಡ್ತಾನೆ, ನೋಡ್ತಾ ಇರು" ಎಂದಿದ್ದರು. ಎಂಥ ಬುದ್ಧಿ ಅಂತ ಬೆರಗಾಗಿದ್ದೆ. ಆಮೇಲೆ ನೋಡಿದರೆ ಮಲಯಾಳದ ಏಷ್ಯಾನೆಟ್‌ನಲ್ಲಿ 2014ರಲ್ಲೇ ಶುರುವಾದ 'ಕರುತ್ತಮುತ್ತ್' ಅದೇ ಕಥೆ. ಮೈಬಣ್ಣ ಕಪ್ಪಿರುವ ಹುಡುಗಿ, ಡಾಕ್ಟರ್ ಗಂಡ. ತೆಲುಗಿನವರ 'ಕಾರ್ತಿಕ ದೀಪಂ' ಕೂಡ ಅದೇ. ನಮ್ಮ ಹಾಗೆ ಕೇರಳದ ಗಡಿಯಲ್ಲಿ ಕೂತವರಿಗೆ ಇದೊಂದು ಲಾಭ. ಬೆಂಗಳೂರಿನ ಸೊಸೆಗೆ ನಾಳೆ ಬರುವ ಕಷ್ಟ ನಮಗೆ ನಾಲ್ಕು ವರ್ಷ ಮೊದಲೇ ಮಲಯಾಳದಲ್ಲಿ ಬಂದಿರುತ್ತದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮಾತು ಮುಂದುವರಿದದ್ದು ಅದರಿಂದ.

ಅವನು ಹೇಳಿದ ಪ್ರಕಾರ ಅಮೆರಿಕದ ಧಾರಾವಾಹಿಗಳಲ್ಲಿ ಇಂಥದ್ದನ್ನು ಹುಡುಕುವವರದ್ದೇ ಒಂದು ಪಡೆ ಇದೆಯಂತೆ. 'ಮಾಡರ್ನ್ ಫ್ಯಾಮಿಲಿ', 'ಸ್ಕ್ರಬ್ಸ್', ಇನ್ನೂ ಎಷ್ಟೋ ಕಡೆ ಜನ ಓದುವುದು ಒಂದೇ ಪತ್ರಿಕೆ. ಉದ್ದ ಕಪ್ಪು ಕೂದಲಿನ ಅದೇ ಹುಡುಗಿಯ ಅದೇ ಫೋಟೋ. ಏನೋ ಗುಟ್ಟಿನ ತಮಾಷೆ ಅಂತ ನೋಡಿದವರೆಲ್ಲ ತಲೆ ಕೆಡಿಸಿಕೊಂಡರು. ಕೊನೆಗೆ ನೋಡಿದರೆ ಲಾಸ್ ಏಂಜಲೀಸಿನ ಅರ್ಲ್ ಹೇಸ್ ಪ್ರೆಸ್ ಶೂಟಿಂಗಿಗಾಗಿ ಅಚ್ಚು ಹಾಕಿ ಮಾರುತ್ತಿದ್ದ ಪತ್ರಿಕೆ. ನಿಜವಾದ ಪತ್ರಿಕೆ ತೋರಿಸಲು ಅನುಮತಿ ಕೇಳಬೇಕು. ಇದಕ್ಕೆ ಆ ತಲೆನೋವಿಲ್ಲ.

"ಹಾಗಾದರೆ ಮೆಟ್ಟಿಲೂ ತಮಾಷೆ ಅಲ್ಲ, ಬಾಡಿಗೆ ಲೆಕ್ಕ" ಎಂದೆ.

"ಎಲ್ಲ ಹಾಗಲ್ಲ ಅತ್ತೆ" ಎಂದು ಜಾನ್ ಮಂಚ್ ಎಂಬ ಪತ್ತೇದಾರನ ಕಥೆ ತೆಗೆದ. ಪಾತ್ರ ಮಾಡಿದವರು ರಿಚರ್ಡ್ ಬೆಲ್ಝರ್. 1993ರಲ್ಲಿ 'ಹೋಮಿಸೈಡ್'ನಲ್ಲಿ ಶುರು. ಒಮ್ಮೆ 'ಎಕ್ಸ್ ಫೈಲ್ಸ್'ಗೂ ಹೋಗಿ ಬಂದ. ಆಮೇಲೆ 'ಲಾ ಆಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯುನಿಟ್'ನಲ್ಲಿ ವರ್ಷಗಟ್ಟಲೆ ನೌಕರಿ. ಹೆಸರು ಅದೇ, ಮನುಷ್ಯನೂ ಅವನೇ.

"ನಮ್ಮ ಸಿ.ಎಸ್.ಪಿ. ವಕೀಲರ ಹಾಗೆ" ಎಂದರು ಅತ್ತೆ ಕತ್ತಲೆಯಿಂದ. ಹೌದು! 'ಮುಕ್ತ ಮುಕ್ತ'ದಲ್ಲೂ 'ಮಗಳು ಜಾನಕಿ'ಯಲ್ಲೂ ಸೀತಾರಾಮ್ ಅದೇ ಕರಿ ಕೋಟು, ಅದೇ ಸಿ.ಎಸ್.ಪಿ. ನನಗೆ ಹೊಳೆದೇ ಇರಲಿಲ್ಲ.

ಒಂದೇ ಮುಖ ಎರಡು ಕಡೆ ಬರುವುದು ಅತ್ತೆಗೆ ಮಾತ್ರ ಸಹಿಸುವುದಿಲ್ಲ. ಇಲ್ಲಿ ಏಳು ಗಂಟೆಗೆ ಫೋಟೋದಲ್ಲಿ ಹಾರ ಹಾಕಿಸಿಕೊಂಡವನು ಅಲ್ಲಿ ಒಂಬತ್ತಕ್ಕೆ ಮದುವೆ ಊಟ ಮಾಡುತ್ತಿರುತ್ತಾನೆ. ಅದಕ್ಕೂ ಅಮೆರಿಕದವರು ದಾರಿ ಕಂಡುಕೊಂಡಿದ್ದಾರಂತೆ. ಲೀಸಾ ಕುಡ್ರೋ 'ಮ್ಯಾಡ್ ಅಬೌಟ್ ಯು'ನಲ್ಲಿ ಹೋಟೆಲಿನ ಸಪ್ಲೈಯರ್. 1994ರಲ್ಲಿ ಅದರ ಬೆನ್ನಿಗೇ ಬರುವ 'ಫ್ರೆಂಡ್ಸ್'ನಲ್ಲೂ ಅವಳೇ. ಸರಿ, ಇಬ್ಬರೂ ಅವಳಿ ಜವಳಿ ಎಂದುಬಿಟ್ಟರು.

ಅತ್ತೆ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಮಾವ ಪೆರ್ಲದ ಕೂಟದಲ್ಲಿ ಕೌರವ ಆಗಿ ಸೋತು ಬಂದಿದ್ದರು, ಗೊತ್ತುಂಟಾ?" ಎಂದರು. ಕೂಟ ಎಂದರೆ ತಾಳಮದ್ದಳೆ, ವೇಷ ಹಾಕದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಸಂಧಾನದ ಕೃಷ್ಣ ಏನೋ ಚುಚ್ಚಿದ್ದನಂತೆ, ಮಾವನಿಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಹದಿನೈದು ದಿನ ಮಾತು ಕಮ್ಮಿ. ಆಮೇಲೆ ನಮ್ಮ ಶಾಲೆಯಲ್ಲಿ ತಾಳಮದ್ದಳೆ, ವಾಲಿವಧೆ. ಮಾವ ವಾಲಿ. ಎದುರಿಗೆ ರಾಮನಾಗಿ ಕೂತದ್ದು ಅದೇ ಅರ್ಥಧಾರಿ. "ಕೃಷ್ಣನ ಸಾಲವನ್ನು ರಾಮನಿಗೆ ಬಡ್ಡಿ ಸಮೇತ ತೀರಿಸಿದರು. ಪೆರ್ಲಕ್ಕೂ ಬಂದಿದ್ದವರು ಹತ್ತು ಹದಿನೈದು ಜನ. ನಕ್ಕದ್ದು ಅವರು ಮಾತ್ರ. ಉಳಿದವರು ಎಂತ ಆಯ್ತು ಅಂತ ಮುಖ ಮುಖ ನೋಡಿಕೊಂಡರು." ಆಗ ಅತ್ತೆ ಹೆಂಗಸರ ಸಾಲಿನಲ್ಲಿ ಒಬ್ಬರೇ ನಕ್ಕದ್ದಂತೆ.

ಆ ಮುಖ ಮುಖ ನೋಡಿಕೊಂಡವರ ಪಾಡು ನನಗೆ ಚೆನ್ನಾಗಿ ಗೊತ್ತು. ಮಗಳ ಜೊತೆ ಮಲಯಾಳದ ಹಾಸ್ಯ ಧಾರಾವಾಹಿ ನೋಡುವಾಗ ಅದೇ ಪಾಡು. ಮಾತೆಲ್ಲ ಅರ್ಥ ಆಗುತ್ತದೆ. ಒಂದು ಕಡೆ ಅವಳು ಹೊಟ್ಟೆ ಹಿಡಿದು ನಗುತ್ತಾಳೆ. ಏನು ಅಂತ ಕೇಳಿದರೆ, "ಅದು ಹಳೆ ಸಿನಿಮಾದ ಡೈಲಾಗ್ ಅಮ್ಮಾ, ನಿನಗೆ ಗೊತ್ತಾಗ್ಲಿಕ್ಕಿಲ್ಲ." ಸುಮ್ನೆ ಹೇಳಿದ ಮಾತು. ಆದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು ಹೋಗದ ಯಾವುದೋ ಕೂಟಕ್ಕೆ ಹೋಗಿ ಬಂದವಳ ಹಾಗೆ ಕಾಣುತ್ತಾಳೆ.

ಕರೆಂಟು ಬಂದಾಗ ಹತ್ತು ದಾಟಿತ್ತು. ಗಂಜಿ ತಣ್ಣಗಾಗಿತ್ತು.

ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಬಸುರಿ, ಮೆಟ್ಟಿಲು ಅಂತ ಹುಡುಕಿದೆ. ಎಷ್ಟು ಜನ ಬಿದ್ದಿದ್ದಾರೆ ಮಾರಾಯ್ರೇ! ಒಂದರಲ್ಲಿ ಮೆಟ್ಟಿಲ ಬುಡದಲ್ಲಿ, ಇವತ್ತಿನ ಧಾರಾವಾಹಿಯಲ್ಲಿ ಕಂಡ ಅದೇ ಹಿತ್ತಾಳೆ ಆನೆ. ಸೊಂಡಿಲು ಮಾತ್ರ ಗೋಡೆಯ ಕಡೆಗೆ. ಅತ್ತೆಗೆ ಈಗಲೇ ತೋರಿಸೋಣ ಅಂತ ಎದ್ದು ಅಡುಗೆಮನೆ ದಾಟಿ ಹೋದೆ. ಹೆಪ್ಪು ಹಾಕಿ ಮುಚ್ಚಿಟ್ಟ ಪಾತ್ರೆ ಮತ್ತೆ ಎರಡು. ಇದರಲ್ಲಿ ಒಂದು ನಾನೇ ಹಾಕಿದ್ದಾ, ಅಥವಾ