ಯೇನಾದಲ್ಲಿ ಓದಿದ ಇಂಗ್ಲಿಷಿನವ

14 ಅಕ್ಟೋಬರ್ 2024, ಸೋಮವಾರ

ಇಂಗ್ಲೆಂಡಿನ ಪತ್ರಕರ್ತ ಹೆನ್ರಿ ಕ್ರಾಬ್ ರಾಬಿನ್ಸನ್ನನ ದಿನಚರಿ, ಪತ್ರ ಮತ್ತು ನೆನಪುಗಳು ಅವನು ತೀರಿಕೊಂಡ ಎರಡು ವರ್ಷದ ನಂತರ, 1869ರಲ್ಲಿ, ಮೂರು ಸಂಪುಟಗಳಲ್ಲಿ ಅಚ್ಚಾದವು. ಅದರಲ್ಲಿ ಜರ್ಮನಿಗೆ ಸಂಬಂಧಿಸಿದ ಭಾಗವನ್ನು ಇಂದು ಓದಿ ಮುಗಿಸಿದೆ.

ವಕೀಲರ ಕಚೇರಿಯಲ್ಲಿ ಕೆಲಸ ಕಲಿತಿದ್ದ ಈತ 1800ರಲ್ಲಿ ಜರ್ಮನಿಗೆ ಹೊರಟದ್ದನ್ನು ಬರಿಯ ತಿರುಗಾಟದ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಅವನದು ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದ ಮನೆತನ. ಆ ಚರ್ಚಿನ ನಂಬಿಕೆಗಳನ್ನು ಹೇಳುವ 39 ವಿಧಿಗಳಿಗೆ ಸಹಿ ಹಾಕದವರಿಗೆ ಆಕ್ಸ್‌ಫರ್ಡಿನಲ್ಲಿ ಪ್ರವೇಶವೇ ಇರಲಿಲ್ಲ, ಕೇಂಬ್ರಿಜ್‌ನಲ್ಲಿ ಓದಿದರೂ ಪದವಿ ದಕ್ಕುತ್ತಿರಲಿಲ್ಲ. ಬಂಧುವೊಬ್ಬರು ಬಿಟ್ಟುಹೋದ ಆಸ್ತಿಯಿಂದ ವರ್ಷಕ್ಕೆ ಸುಮಾರು 100 ಪೌಂಡ್ ಬರುತ್ತಿತ್ತು. ಮಿತವಾಗಿ ಬದುಕುವವನಿಗೆ ಜರ್ಮನಿಯಲ್ಲಿ ಅಷ್ಟು ಸಾಕಾಗಿತ್ತು.

1801ರಲ್ಲಿ ಅವನು ಜರ್ಮನ್ ಸಾಹಿತಿಗಳ ನೆಲೆಯಾಗಿದ್ದ ವೈಮಾರಿಗೆ ಹೋದದ್ದು ಲೇಖಕ ಜೊಹಾನ್ ಗಾಟ್‌ಫ್ರೀಡ್ ಸ್ಯೂಮನ ಜೊತೆಗೆ. ಅದೇ ವರ್ಷದ ಕೊನೆಯಲ್ಲಿ ಸಿಸಿಲಿಯ ಸಿರಾಕ್ಯೂಸಿನವರೆಗೆ ನಡೆದುಹೋಗಲು ಹೊರಟ ಸ್ಯೂಮ ಅವನೇ. ವೈಮಾರಿನಲ್ಲಿ ಗಯಟೆ, ವೀಲಂಡ್, ಹರ್ಡರ್ ಮುಂತಾದ ಸಾಹಿತಿಗಳನ್ನು ಕಂಡ ರಾಬಿನ್ಸನ್, 1802ರಲ್ಲಿ ಯೇನಾ ವಿಶ್ವವಿದ್ಯಾಲಯ ಸೇರಿ ತತ್ತ್ವಜ್ಞಾನಿ ಶೆಲಿಂಗನ ಉಪನ್ಯಾಸಗಳಿಗೆ ಕೂತ.

ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ವರ್ಷದ ಚಳಿಗಾಲದ ಪ್ರಸಂಗ. ನೆಪೋಲಿಯನ್ನನಿಂದ ಪ್ಯಾರಿಸಿನ ಹೊರಗೆ ಅಟ್ಟಿಸಿಕೊಂಡ ಫ್ರೆಂಚ್ ಲೇಖಕಿ ಮದಾಮ್ ದ ಸ್ಟಾಲ್ ವೈಮಾರಿಗೆ ಬಂದಾಗ, ಕಾಂಟ್ ಮತ್ತು ಶೆಲಿಂಗರ ತತ್ತ್ವವನ್ನು ಆಕೆಗೆ ಬಿಡಿಸಿ ಹೇಳುವ ಕೆಲಸ ಈ ಇಂಗ್ಲಿಷ್ ವಿದ್ಯಾರ್ಥಿಯ ಪಾಲಿಗೆ ಬಂತು. ಯುರೋಪಿಗೇ ಹೆಸರಾದ ಆ ಮಾತುಗಾರ್ತಿಯ ಎದುರು ಕೂತು, ತಾವು ಗಯಟೆಯನ್ನು ಅರ್ಥ ಮಾಡಿಕೊಂಡಿಲ್ಲ, ಮುಂದೆಯೂ ಮಾಡಿಕೊಳ್ಳಲಾರಿರಿ ಎಂದು ಅವನು ಹೇಳಿಬಿಟ್ಟನಂತೆ. ಅರ್ಥವಾಗಲು ಯೋಗ್ಯವಾದದ್ದೆಲ್ಲ ತನಗೆ ಅರ್ಥವಾಗುತ್ತದೆ, ಆಗದೇ ಉಳಿದದ್ದು ಏನೂ ಅಲ್ಲ ಎಂದು ಆಕೆ ತಿರುಗಿ ಕೊಟ್ಟಳು. ಇಬ್ಬರಿಗೂ ಅಳುಕಿಲ್ಲ! ಆದರೂ ಪಾಠ ನಿಲ್ಲಲಿಲ್ಲ, ಸ್ನೇಹವೂ ಕೆಡಲಿಲ್ಲ. ಜರ್ಮನಿಯನ್ನು ಕುರಿತು ಆಕೆ ಬರೆದ ಪುಸ್ತಕದ ಪ್ರತಿಗಳನ್ನು 1810ರಲ್ಲಿ ನೆಪೋಲಿಯನ್ನನ ಪೊಲೀಸರು ನಾಶಮಾಡಿದರು. ಅದು ಹೊರಬಂದದ್ದು 1813ರಲ್ಲಿ, ಲಂಡನ್ನಿನಲ್ಲಿ. ಆ ಪುಸ್ತಕದ ತತ್ತ್ವಶಾಸ್ತ್ರದ ಪುಟಗಳ ಹಿಂದೆ ಈ ಪಾಠಗಳ ಋಣವೂ ಇದೆಯೆಂದೇ ನನ್ನ ಎಣಿಕೆ.

ಅವನು 1805ರಲ್ಲಿ ಊರಿಗೆ ಮರಳಿದ. ಮರುವರ್ಷ ಇದೇ ಅಕ್ಟೋಬರ್ 14ರಂದು ಯೇನಾದ ಬಳಿ ಫ್ರೆಂಚ್ ಸೇನೆ ಪ್ರಷ್ಯದವರನ್ನು ಸದೆಬಡಿಯಿತು. 1807ರಲ್ಲಿ ಯುದ್ಧದ ಸುದ್ದಿ ಬರೆಯಲು ಹ್ಯಾಂಬರ್ಗಿನ ಪಕ್ಕದ ಆಲ್ಟೋನಾಕ್ಕೆ, 1808ರಲ್ಲಿ ಸ್ಪೇನಿನ ಕೊರುನ್ಯಾಕ್ಕೆ 'ದಿ ಟೈಮ್ಸ್' ಪತ್ರಿಕೆ ಕಳಿಸಿದ್ದು ಇವನನ್ನೇ. ಆ ಪುಟಗಳನ್ನು ನಾಳೆ ಹಿಡಿಯಬೇಕು.