ಮೊಲ್ಲಿ ತಡಕಾಡುವುದಿಲ್ಲ

ರಿಹರ್ಸಲ್‌ನ ಮೊದಲ ದಿನ ನಾನು ಕಣ್ಣು ಅರ್ಧ ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಕುರ್ಚಿ ತಡಕುತ್ತಾ ಸ್ಟೇಜಿಗೆ ಬಂದೆ. ಆಗ ಬಿಎ ಕೊನೆಯ ವರ್ಷ. ಇಂಗ್ಲಿಷ್ ಮೇಡಂ ಐರ್ಲೆಂಡಿನ ನಾಟಕಕಾರ ಬ್ರಯಾನ್ ಫ್ರೀಲ್ ಅವರ ‘ಮೊಲ್ಲಿ ಸ್ವೀನಿ’ ನಾಟಕ ಪಾಠ ಮಾಡುತ್ತಿದ್ದರು. ಕಾಲೇಜ್ ಡೇಗೆ ಅದರ ಒಂದಿಷ್ಟು ಭಾಗ ಓದೋಣ ಅಂತ ಅವರೇ ಹೇಳಿದ್ದು. ನನಗೆ ಮೊಲ್ಲಿ ಪಾತ್ರ.

ನಾಲ್ಕು ಹೆಜ್ಜೆ ಇಟ್ಟಿದ್ದೆ ಅಷ್ಟೇ. ಮುಂದಿನ ಬೆಂಚಿನಿಂದ ನನ್ನ ಹಾಸ್ಟೆಲ್ ಗೆಳತಿ ಕೇಳಿದಳು, “ಯಾಕೆ ಕಾಲು ಎಳೀತಿದ್ದೀಯ? ಬಳೆ ಯಾಕೆ ಕುರ್ಚಿಗೆಲ್ಲ ಬಡೀತಿದೆ?”

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. “ಕಣ್ಣು ಕಾಣದವಳ ಪಾರ್ಟ್ ಅಲ್ವಾ, ಅದಕ್ಕೆ” ಅಂದೆ.

“ನಾನು ಮೆಟ್ಟಿಲು ಇಳಿಯೋದನ್ನ ದಿನಾ ನೋಡ್ತೀಯಲ್ಲ. ಹೀಗಾ ಇಳೀತೀನಿ?”

ನನಗೆ ಮಾತೇ ಹೊರಡಲಿಲ್ಲ. ಮೇಡಂ ಪುಸ್ತಕದ ಶುರುವಿನ ಪುಟ ತೆಗೆದು ಕೈಗೆ ಕೊಟ್ಟರು. ಫ್ರೀಲ್ ಅಲ್ಲೇ ಸೂಚನೆ ಬರೆದಿದ್ದಾರೆ: ಮೊಲ್ಲಿಗೆ ಕೋಲು ಬೇಡ, ತಡಕಾಟ ಬೇಡ, ಕಪ್ಪು ಕನ್ನಡಕ ಬೇಡ. ನಾನು ಆ ಪುಟ ಓದಿರಲೇ ಇಲ್ಲ.

1994ರಲ್ಲಿ ಡಬ್ಲಿನ್‌ನ ಗೇಟ್ ಥಿಯೇಟರಿನಲ್ಲಿ ಫ್ರೀಲ್ ಅವರೇ ನಿರ್ದೇಶಿಸಿ ಆಡಿಸಿದ ನಾಟಕ ಇದು. ಸ್ಟೇಜಿನ ಮೇಲೆ ಮೂರೇ ಜನ. ಮೊಲ್ಲಿ, ಅವಳ ಗಂಡ ಫ್ರ್ಯಾಂಕ್, ಕಣ್ಣಿನ ಡಾಕ್ಟರ್ ರೈಸ್. ಮೂವರೂ ನಮ್ಮ ಕಡೆ ತಿರುಗಿ ಮಾತಾಡುತ್ತಾರೆ, ಒಬ್ಬರಿಗೊಬ್ಬರು ಒಂದು ಮಾತೂ ಆಡುವುದಿಲ್ಲ. ಹತ್ತು ತಿಂಗಳ ಕೂಸಿದ್ದಾಗಲೇ ಮೊಲ್ಲಿಯ ಕಣ್ಣು ಹೋಗಿದೆ, ಈಗ ಅವಳಿಗೆ 41. ಐರ್ಲೆಂಡಿನ ಡೊನೆಗಲ್ ಸೀಮೆಯ ಬ್ಯಾಲಿಬೆಗ್ ಅನ್ನುವ ಊರು (ಫ್ರೀಲ್ ಕಟ್ಟಿಕೊಂಡ ಊರು ಅದು, ಅವರ ಎಷ್ಟೋ ನಾಟಕಗಳು ಅಲ್ಲೇ ನಡೆಯುತ್ತವೆ). ಚಿಕ್ಕವಳಿದ್ದಾಗ ಅಪ್ಪ ಸಂಜೆ ಹೊತ್ತು ತೋಟಕ್ಕೆ ಕರೆದುಕೊಂಡು ಹೋಗಿ, ಹೂವಿನ ಹತ್ತಿರ ಬಗ್ಗಿಸಿ, ಮುಟ್ಟಿಸಿ, ಮೂಸಿಸಿ ಒಂದೊಂದರ ಹೆಸರು ಕಲಿಸಿದ್ದ. ನೆಮೋಫಿಲಾ ಅನ್ನುವ ನೀಲಿ ಹೂವು ತೋರಿಸಿ, ನನ್ನ ನೆಮೋಫಿಲಾ ನೀನೇ ಅಂತ ಮಗಳಿಗೆ ಹೇಳುತ್ತಿದ್ದ.

ಈ ಭಾಗ ಓದಿ ಹೇಳಿದಾಗ ಗೆಳತಿ ಅಂದಳು, “ಕನ್ನಡದಲ್ಲಿ ಸರಿಯಾಗೇ ಹೇಳ್ತೀವಿ ಅಲ್ವಾ? ಮುಟ್ಟಿ ನೋಡು, ಮೂಸಿ ನೋಡು, ತಿಂದು ನೋಡು.” ಅಷ್ಟು ದಿನ ಸುಮ್ನೆ ಬಳಸುತ್ತಿದ್ದ ಮಾತು, ನನಗೆ ಅವತ್ತೇ ಕೇಳಿಸಿದ್ದು.

ಇದರ ಹಿಂದೆ ಹಳೆಯದೊಂದು ಪ್ರಶ್ನೆ ಇದೆ ಅಂತ ಮೇಡಂ ಹೇಳಿದರು. 1688ರಲ್ಲೇ ಡಬ್ಲಿನ್‌ನ ವಿದ್ವಾಂಸ ವಿಲಿಯಂ ಮೊಲಿನೂ, ತತ್ವಜ್ಞಾನಿ ಲಾಕ್‌ಗೆ ಬರೆದು ಕೇಳಿದ್ದರಂತೆ: ಚೆಂಡು ಯಾವುದು, ಘನ ಯಾವುದು ಅಂತ ಮುಟ್ಟಿ ತಿಳಿದ ಹುಟ್ಟುಕುರುಡನಿಗೆ ಕಣ್ಣು ಬಂದರೆ, ಮುಟ್ಟದೆ ಹೇಳಬಲ್ಲನೇ? ಮೊಲಿನೂ ಅವರ ಹೆಂಡತಿಗೇ ಕಣ್ಣು ಹೋಗಿತ್ತು. ನಾಟಕದ ಫ್ರ್ಯಾಂಕ್ ಕೂಡ ಇದನ್ನೇ ಹೇಳುತ್ತಾನೆ, ಒಳ್ಳೆಯವನೇ, ಆದರೆ ಹೆಂಡತಿಗಿಂತ ಅವಳ ಕಣ್ಣಿನ ಮೇಲೆ ಅವನಿಗೆ ಆಸೆ ಜಾಸ್ತಿ.

ನಾವು ಓದಿದ್ದು ಡಾಕ್ಟರ್ ರೈಸ್ ಮೊಲ್ಲಿಯ ಕಣ್ಣಿಗೆ ಮಾಡುವ ಆಪರೇಷನ್ನಿನ ಹಿಂದಿನ ರಾತ್ರಿಯವರೆಗೆ. ಮನೆ ತುಂಬ ಜನ, ಪಿಟೀಲು ನುಡಿಯುತ್ತಿದೆ. ಇದ್ದಕ್ಕಿದ್ದಂತೆ ಮೊಲ್ಲಿ ಎದ್ದು ಹಾರ್ನ್‌ಪೈಪ್ ಅನ್ನುವ ಬಿರುಸಿನ ಕುಣಿತ ಕುಣಿಯುತ್ತಾಳೆ. ಜನ, ಕುರ್ಚಿ, ಬಾಟಲಿ, ಗ್ಲಾಸುಗಳ ನಡುವೆ ಒಂದಕ್ಕೂ ತಾಗದೆ, ರೋಷದಿಂದ, ಸಾಕು ಅನ್ನಿಸುವವರೆಗೆ. ಈ ಆಪರೇಷನ್ ಅವಳು ಕೇಳಿದ್ದಲ್ಲ. ನಾಟಕದ ದಿನ ನಾನು ಬಳೆ ಕಳಚಿಟ್ಟು, ಕೈ ಮಡಿಲಲ್ಲಿಟ್ಟು, ಕುರ್ಚಿಯಿಂದ ಏಳದೇ ಅದನ್ನು ಓದಿದೆ.

ಹಾಸ್ಟೆಲ್ಲಿಗೆ ಬಂದ ಮೇಲೆ ಗೆಳತಿ ಉಳಿದದ್ದನ್ನೂ ಓದು ಅಂದಳು. ದೃಷ್ಟಿ ಸ್ವಲ್ಪ ಬರುತ್ತದೆ, ಕಂಡದ್ದು ಏನೆಂದು ಮಾತ್ರ ತಿಳಿಯುವುದಿಲ್ಲ. ಹಳೆಯ ಲೋಕವೂ ಕೈತಪ್ಪುತ್ತದೆ. ಫ್ರ್ಯಾಂಕ್ ಇಥಿಯೋಪಿಯಾಕ್ಕೆ ಹೋಗುತ್ತಾನೆ. ಮೊಲ್ಲಿ ಆಸ್ಪತ್ರೆಯ ಹಾಸಿಗೆ ಸೇರುತ್ತಾಳೆ, ಅವಳ ಅಮ್ಮ ಇದ್ದ ಆಸ್ಪತ್ರೆಯೇ. ಓದಿ ಮುಗಿಸುವಾಗ ನನ್ನ ಗಂಟಲು ಕಟ್ಟಿತ್ತು.

ಗೆಳತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕುಣಿಯೋ ಭಾಗ ಇನ್ನೊಂದ್ಸಲ ಓದೇ” ಅಂದಳು. ಓದಿದೆ.