22 ಫೋಟೋ, ಎರಡು ಪ್ರಶ್ನೆ

ಹೊಟ್ಟೆಯ ಕ್ಯಾನ್ಸರನ್ನು ಶುರುವಿನಲ್ಲೇ ಗುರುತಿಸೋದು ಹೇಗೆ ಅಂತ ವೈದ್ಯರಿಗೆ ಹೇಳಿಕೊಡುವ ಆನ್‌ಲೈನ್ ತರಬೇತಿಗೆ ಸೇರಿದ್ದೆ. ಕ್ಯಾನ್ಸರಿನ ಫೋಟೋ ತೋರಿಸಿಯೇ ಪಾಠ ಶುರು ಮಾಡುತ್ತಾರೆ ಅಂದುಕೊಂಡರೆ, ಮೊದಲು ಬಂದಿದ್ದು ಹೊಟ್ಟೆ ತೊಳೆಯುವ ಪಾಠ! ಎಂಡೋಸ್ಕೋಪಿಗೆ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಇಳಿಸಿ ಹೊಟ್ಟೆಯ ಒಳಗೆ ನೋಡುವ ಪರೀಕ್ಷೆಗೆ, ಮುಂಚೆ ಲೋಳೆ ಕರಗಿಸುವ, ನೊರೆ ಇಳಿಸುವ ಔಷಧಿ ಕುಡಿಸಬೇಕು. ಉಳಿದದ್ದನ್ನು ನೀರು ಹಾಯಿಸಿ ತೆಗೆಯಬೇಕು. ಗಾಳಿ ತುಂಬಿ ಮಡಿಕೆಗಳನ್ನು ಬಿಡಿಸಬೇಕು. ನೊರೆಯ ಅಡಿಯಲ್ಲಿ ಏನಿದೆ ಅಂತ ಎಷ್ಟು ಒಳ್ಳೆ ಕ್ಯಾಮೆರಾಗೂ ಕಾಣಲ್ಲ, ಅಲ್ವಾ?

ಆಮೇಲೆ ನೋಡುವ ಕ್ರಮ. ಜಪಾನಿನ ವೈದ್ಯ ಕೆನ್ಶಿ ಯಾವೊ ರೂಪಿಸಿದ ಪದ್ಧತಿಯಲ್ಲಿ 22 ಫೋಟೋ ತೆಗೆಯಬೇಕು. ಸ್ಕೋಪ್ ನೇರವಾಗಿದ್ದಾಗ 12, ಹಿಂದಕ್ಕೆ ಬಗ್ಗಿಸಿ 10. ಹೀಗೆ ಲೆಕ್ಕ ಇಟ್ಟರೆ, ಸುಲಭವಾಗಿ ತಪ್ಪಿಹೋಗುವ ಹಿಂಬದಿಯ ಗೋಡೆಯೂ ಕಣ್ಣಿಗೆ ಬೀಳುತ್ತದೆ.

ನನಗೆ ನಿಜವಾಗಿ ರುಚಿ ಹತ್ತಿದ್ದು ಫೋಟೋ ನೋಡಿ ಗುರುತಿಸುವ ಪರೀಕ್ಷೆಯಲ್ಲಿ. ಪರದೆ ಮೇಲೆ ಒಂದು ಕೆಂಪು ಕಲೆ. ಕೇಳಿಕೊಳ್ಳಬೇಕಾದ್ದು ಎರಡೇ ಪ್ರಶ್ನೆ. ಕಲೆಗೆ ಸ್ಪಷ್ಟವಾದ ಅಂಚಿದೆಯಾ? ಅಂಚಿನ ಒಳಗೆ ಬಣ್ಣ ಅಥವಾ ಮೇಲ್ಮೈ ಏರುಪೇರಾಗಿದೆಯಾ? ಎರಡಕ್ಕೂ ಹೌದು ಅಂದರೆ ಅನುಮಾನ ಪಡಬೇಕು. ಆ ಕಲೆ ಸುತ್ತಲಿನ ಪದರದಲ್ಲಿ ಹಾಗೇ ಕರಗಿಹೋಗಿತ್ತು. ಬರೀ ಉರಿಯೂತ. ಮುಂದಿನ ಫೋಟೋದಲ್ಲಿ ಸ್ವಲ್ಪ ತಗ್ಗಾದ ಒಂದು ಜಾಗ. ಅಂಚು ಹುಳು ತಿಂದ ಎಲೆಯ ಹಾಗೆ. ಒಳಗೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿಚು. ಅದು ಕ್ಯಾನ್ಸರ್. ಈ ಹಂತದಲ್ಲಿ ಸಾಮಾನ್ಯವಾಗಿ ರೋಗಿಗೆ ನೋವೂ ಇರೋದಿಲ್ಲ, ಸುಸ್ತೂ ಇರೋದಿಲ್ಲ. ಆದರೆ ಈಗ ಸಿಕ್ಕರೆ ಎಷ್ಟೋ ಸಲ ಹೊಟ್ಟೆ ಕೊಯ್ಯದೆ ಸ್ಕೋಪಿನಲ್ಲೇ ತೆಗೆದುಬಿಡಬಹುದು.

ಮರುದಿನ ಎಂಡೋಸ್ಕೋಪಿ ಕೋಣೆಯಲ್ಲಿ ಅದೇ ಕ್ರಮ ಹಿಡಿದೆ. "ಮೇಡಂ, ಇವತ್ತು ಯಾಕೋ ತುಂಬಾ ಹೊತ್ತು ತಗೋತಿದ್ದೀರಿ," ಅಂದರು ಸಿಸ್ಟರ್. ಹೊರಗೆ ಜನ ಕಾಯುತ್ತಿದ್ದರು, ಅವರು ಹೇಳಿದ್ದೂ ಸರಿಯೇ. ಒಬ್ಬರ ಹೊಟ್ಟೆಯ ತಿರುವಿನಲ್ಲಿ ಕೆಂಪು ಕಲೆ ಇತ್ತು. ಅಂಚು ಒಂದು ಕಡೆ ಸ್ಪಷ್ಟ, ಇನ್ನೊಂದು ಕಡೆ ಮಸುಕು. ಸುಮ್ನೆ ಬಿಡೋದು ಬೇಡ ಅಂತ ಬಯಾಪ್ಸಿ ತೆಗೆದೆ. ಕ್ಯಾನ್ಸರ್ ಇರಲಿಲ್ಲ, ಎಚ್ ಪೈಲೋರಿ ಸೋಂಕಿತ್ತು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ ಬ್ಯಾಕ್ಟೀರಿಯಾ ಅದು. ಮಾತ್ರೆ ಬರೆದುಕೊಟ್ಟೆ.

ನೊರೆ ಇಳಿಸುವ ಔಷಧಿಯನ್ನು ಈಗ ಸಿಸ್ಟರ್ ಮೊದಲೇ ಕುಡಿಸಿಟ್ಟಿರುತ್ತಾರೆ. ಒಬ್ಬೊಬ್ಬರಿಗೆ ಇನ್ನೂ ಸ್ವಲ್ಪ ಜಾಸ್ತಿ ಸಮಯ ಕೊಡಿ ಅಂತ ಮೇಲಿನವರನ್ನು ಕೇಳಿದ್ದೇನೆ. ಅವರಿನ್ನೂ ಒಪ್ಪಿಲ್ಲ.